ಪಹಣಿಯಲ್ಲಿಲ್ಲದ ಪಾಲು

ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ ಬೆಳಕು ಹರಿಯುವ ಮೊದಲೇ ತರಕಾರಿ ಬಂದು ಕೂತಿರುತ್ತದೆ. ಊರೊಳಗಿನ ದಾರಿ ಮುಖ್ಯರಸ್ತೆಗೆ ಸೇರುವ ಕಡೆ, ಬಸ್ ತಂಗುದಾಣದ ಸಿಮೆಂಟು ಕಟ್ಟೆಯ ಮೇಲೆ, ಡೈರಿಯ ಹಾಲಿನ ಕ್ಯಾನುಗಳ ಪಕ್ಕದಲ್ಲಿ. ಗೀರು ಬೀಳದಿರಲೆಂದು ಎಲೆ ಹಾಸಿ ತುಂಬಿದ ಹೀರೆಕಾಯಿ ಬುಟ್ಟಿ, ಬಾಯಿ ಹೊಲಿದ ಬದನೆ ಚೀಲ, ನೀಲಿ ಕ್ರೇಟಿನಲ್ಲಿ ಇನ್ನೂ ಇಬ್ಬನಿ ಆರದ ಬೆಂಡೆ. ಲಗೇಜ್ ಆಟೊ ಬರುವುದನ್ನು ಕಾಯುತ್ತ ಇಬ್ಬರು ನಿಂತಿರುತ್ತಾರೆ. ತಲೆಗೆ ಟವೆಲ್ ಸುತ್ತಿಕೊಂಡ ಹಿರಿಯರೊಬ್ಬರು, ಲುಂಗಿ ಎತ್ತಿ ಕಟ್ಟಿದ ನಡುವಯಸ್ಸಿನವನೊಬ್ಬ.

"ಇವತ್ತು ಎಷ್ಟು ಬಂತೋ?"

"ನಲವತ್ತೆರಡು ಕೆಜಿ ಕಣಣ್ಣ. ಮೂಲೆ ಸಾಲಿಂದು ಬಿಟ್ಟಿದೀನಿ, ನಾಡಿದ್ದಿಗೆ ಆಗ್ತದೆ."

ಹಿರಿಯರು ಚೀಲ ಎತ್ತಿ ನೋಡುವುದಿಲ್ಲ, ಎಣಿಸುವುದಿಲ್ಲ. ಹೂಂ ಎಂದು ರಸ್ತೆಯ ತಿರುವಿನ ಕಡೆ ಕಣ್ಣು ಹಾಯಿಸುತ್ತಾರೆ. ಜಮೀನು ಅವರದು, ದುಡಿಮೆ ಇವನದು, ಬೆಳೆ ಇಬ್ಬರದು. ಚೀಲ ಎತ್ತಿ ನೋಡದಷ್ಟು ನೆಚ್ಚಿಕೆ ಬರಬೇಕಾದರೆ ಇವರ ನಡುವೆ ನಾಲ್ಕಾರು ಬೆಳೆಗಳಾದರೂ ಕಳೆದಿರಬೇಕು. ಮೊದಲನೆಯ ಬೆಳೆಯಲ್ಲಿ ಈ ಹಿರಿಯರು ಖಂಡಿತ ಎತ್ತಿ ನೋಡಿರುತ್ತಾರೆ.

ಈ ಸೀಮೆ ಪೂರಾ ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ. ಹುಂಚದ ಕಡೆಯ ಗುಡ್ಡಗಳಲ್ಲಿ ಹುಟ್ಟುವ ಕುಮುದ್ವತಿ ಶಿಕಾರಿಪುರವನ್ನು ಹಾದು ಹಿರೇಕೆರೂರಿನ ಕಡೆಗೆ ಹರಿಯುತ್ತದೆ. ಅದಕ್ಕೆ ಅಡ್ಡವಾಗಿ ಕಟ್ಟಿದ ಅಂಜನಾಪುರ ಜಲಾಶಯದ ನಾಲೆ ಹೋದಲ್ಲೆಲ್ಲ ಭತ್ತ, ಹೋಗದಲ್ಲೆಲ್ಲ ಮೆಕ್ಕೆಜೋಳ. ಶಿರಾಳಕೊಪ್ಪ ದಾಟಿ ಪಶ್ಚಿಮಕ್ಕೆ ಸೊರಬದ ದಾರಿ ಹಿಡಿದರೆ ನೆಲ ಮೆಲ್ಲಗೆ ಮಡಚಿಕೊಳ್ಳತೊಡಗುತ್ತದೆ. ದಿಬ್ಬದ ಮೇಲೆ ಊರು, ಊರ ಮಗ್ಗುಲಿಗೆ ಕೆರೆ, ಕೆರೆಯ ಕೆಳಗೆ ಗದ್ದೆಯ ಬಯಲು, ಆಚೆ ದಿಬ್ಬದ ಮೇಲೆ ಕಾನು ಎಂಬ ಕಾಡು. ಮತ್ತೆ ಊರು, ಮತ್ತೆ ಕೆರೆ. ದಂಡಾವತಿ ಈ ನೀರನ್ನೆಲ್ಲ ಕೂಡಿಸಿಕೊಂಡು ವರದೆಗೆ ಸೇರಿಸುತ್ತಾಳೆ. ಮಾತೂ ಬದಲಾಗುತ್ತದೆ. ಶಿಕಾರಿಪುರದ ಸಂತೆಯಲ್ಲಿ ಕೇಳುವ "ಹೌದ್ರಿ" ಸೊರಬದ ಹೊತ್ತಿಗೆ "ಹೌದನಾ" ಆಗಿರುತ್ತದೆ.

ಕಲ್ಲಿನ ಮೇಲೆ ಕರಾರು ಬರೆದಿಟ್ಟ ನಾಡು ಇದು. ಬಿ.ಎಲ್. ರೈಸ್ ಸಂಗ್ರಹಿಸಿದ ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟ (1902) ಶಿಕಾರಿಪುರದ ಶಾಸನಗಳಿಂದ, 8ನೆಯದು (1904) ಸೊರಬದ ಶಾಸನಗಳಿಂದ ತುಂಬಿಹೋಗಿದೆ. ತಾಳಗುಂದದ ಕಂಬದಲ್ಲಿ ಕದಂಬರ ಕಾಕುತ್ಸ್ಥವರ್ಮ ಕೆರೆ ಕಟ್ಟಿಸಿದ ಸುದ್ದಿ ಇದೆ. ಬಳ್ಳಿಗಾವಿಯ ಕಲ್ಲುಗಳಲ್ಲಿ ಇಂಥ ಗದ್ದೆ, ಇಷ್ಟು ಮತ್ತರು, ಮೂಡಲಿಗೆ ಇದು ಎಲ್ಲೆ, ಪಡುವಲಿಗೆ ಅದು ಎಲ್ಲೆ ಎಂದು ಕೊರೆದು, ತಪ್ಪಿದವನಿಗೆ ವಾರಣಾಸಿಯಲ್ಲಿ ಹಸು ಕೊಂದ ಪಾಪ ಬರಲಿ ಎಂದು ಶಾಪವನ್ನೂ ಹಾಕಿದ್ದಾರೆ. ಅದೇ ಊರುಗಳಲ್ಲಿ ಇವತ್ತು ಇಬ್ಬರು ಕೂಡಿ ಅರ್ಧ ಎಕರೆ ಹೀರೆ ಬೆಳೆಯುವುದಕ್ಕೆ ಒಂದು ಬಿಳಿ ಹಾಳೆಯ ಬರಹವೂ ಇರುವುದಿಲ್ಲ.

ಇರುವಂತೆಯೂ ಇಲ್ಲ. ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ, ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟರೆ, ಸಾಗುವಳಿ ಭೂಮಿಯನ್ನು ಗೇಣಿಗೆ ಕೊಡುವುದು ಕಾನೂನಿಗೆ ಒಪ್ಪಿಗೆಯಲ್ಲ. ಆ ಕಾನೂನು ಸುಮ್ಮನೆ ಬಂದದ್ದೂ ಅಲ್ಲ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಅವರ ದೂರುಗಳಲ್ಲಿ ಒಂದು ಕೊಳಗದ ಬಗ್ಗೆ ಇತ್ತು. ಒಡೆಯರು ಗೇಣಿ ಅಳೆದುಕೊಳ್ಳುವ ಕೊಳಗ ಊರಿನ ಕೊಳಗಕ್ಕಿಂತ ದೊಡ್ಡದು ಎಂಬುದು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಆ ಹೋರಾಟದಲ್ಲಿದ್ದರು, ರಾಮಮನೋಹರ ಲೋಹಿಯಾ ದೂರದಿಂದ ಬಂದು ಸೆರೆಯಾದರು. ಅಳತೆಯ ಪಾತ್ರೆಯೊಂದರ ಮೇಲಿನ ಅನುಮಾನ ಇಪ್ಪತ್ತು ವರ್ಷಗಳಲ್ಲಿ ದೇವರಾಜ ಅರಸರ ಕಾಲದ ಕಾನೂನಿನವರೆಗೆ ನಡೆದು ಬಂತು, ಉಳುವವನು ಹೊಲದೊಡೆಯನಾದ. ಸೊರಬದ ಎಷ್ಟೋ ಮನೆಗಳು ನೇರವಾಗಿ ನಿಂತದ್ದು ಆ ಕಾನೂನಿನಿಂದಲೇ. ಅದನ್ನು ಹಳಿಯುವವರ ಸಾಲಿಗೆ ನಾನು ಸೇರಲಾರೆ.

ಆದರೆ ಕಾನೂನು ಒಂದು ಭಯವನ್ನೂ ಬಿಟ್ಟುಹೋಗಿದೆ. ಅವತ್ತು ಭೂಮಿ ಪಡೆದವರ ಮೊಮ್ಮಕ್ಕಳು ಇವತ್ತು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಊರಲ್ಲಿ ಉಳಿದವರಿಗೆ ಬೆನ್ನು ಬಗ್ಗುವುದಿಲ್ಲ. ಎರಡು ಎಕರೆ, ಒಂದು ಬೋರ್‌ವೆಲ್, ಕೊಟ್ಟಿಗೆಯಲ್ಲಿ ಒಂದೆರಡು ಹಸು. ಬೇರೆಯವರಿಗೆ ಪಾಲಿಗೆ ಕೊಡೋಣವೆಂದರೆ, ನಾಲ್ಕು ವರ್ಷ ಒಬ್ಬನೇ ಉತ್ತರೆ ಎಲ್ಲಿ ತನ್ನದೇ ಅಂದಾನೋ ಎಂಬ ಹಳೆಯ ಅಳುಕು. ಅದಕ್ಕೆ ವರ್ಷಕ್ಕೊಬ್ಬನನ್ನು ಬದಲಿಸುವುದು. ಯುಗಾದಿಯಿಂದ ಯುಗಾದಿಗೆ ಒಂದು ಮಾತು, ಮುಂದಿನ ಯುಗಾದಿಗೆ ಬೇರೆ ಆಳು. ತಾನೂ ಒಮ್ಮೆ ಗೇಣಿದಾರರ ಮನೆಯವನೇ ಆಗಿದ್ದರೂ ಈ ಭಯ ಬಿಡುವುದಿಲ್ಲ ಎಂಬುದು ಇದರ ವಿಚಿತ್ರ.

ವರ್ಷಕ್ಕೊಬ್ಬ ಬದಲಾದರೆ ಭತ್ತಕ್ಕೆ ಅಂಥ ತೊಂದರೆ ಇಲ್ಲ. ತರಕಾರಿಗೆ, ಅದರಲ್ಲೂ ಗೊಬ್ಬರ ಸೊಪ್ಪಿನ ಮೇಲೆಯೇ ಬೆಳೆಯುತ್ತೇನೆ ಎಂದು ಹೊರಟವರ ತರಕಾರಿಗೆ, ಅದು ನೇರ ಪೆಟ್ಟು. ಯೂರಿಯಾ ಹಾಕಿದರೆ ವಾರದಲ್ಲಿ ಎಲೆ ಕಪ್ಪಾಗಿ ಮಿಂಚುತ್ತದೆ. ಕೊಟ್ಟಿಗೆ ಗೊಬ್ಬರ, ಒಣ ಎಲೆಯ ದರಕು, ಹೊಂಗೆ ಹಿಂಡಿ, ಮಣ್ಣಿಗೆ ಮುಚ್ಚಿಗೆ ಇವೆಲ್ಲ ನಿಧಾನದವು. ಮೊದಲ ವರ್ಷ ಬೆಳೆ ಸೊರಗುತ್ತದೆ. ಎರಡನೆಯ ವರ್ಷ ಎರೆಹುಳುವಿನ ಹಿಕ್ಕೆ ಕಾಣುತ್ತದೆ. ಮೂರನೆಯ ವರ್ಷಕ್ಕೆ ಗುದ್ದಲಿ ಹಾಕಿದರೆ ಮಣ್ಣು ಹುಡಿಹುಡಿಯಾಗಿ ಬೀಳುತ್ತದೆ. 2015ರಿಂದ ಸರ್ಕಾರ ಕೊಡುತ್ತಿರುವ ಮಣ್ಣಿನ ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ ಎಂದೊಂದು ಸಾಲಿದೆ. ದುಡಿಯುವವನ ಮೂರು ವರ್ಷದ ಬೆವರು ಕಾಣುವುದು ಆ ಒಂದು ಸಾಲಿನಲ್ಲಿ. ಆದರೆ ಅದು ಉಳಿಯುವುದು ಇನ್ನೊಬ್ಬರ ಜಮೀನಿನಲ್ಲಿ. ಮುಂದಿನ ವರ್ಷ ನನ್ನದಲ್ಲದ ಮಣ್ಣಿಗೆ ಈ ವರ್ಷ ಹತ್ತು ಗಾಡಿ ಗೊಬ್ಬರ ಯಾಕೆ ಹೊಡೆಯಲಿ? ಈ ಪ್ರಶ್ನೆಯನ್ನು ಇಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಗೊಬ್ಬರ ಹಾಕದೆ ಕೇಳುತ್ತಾರೆ.

ಇದಕ್ಕೆ ತದ್ವಿರುದ್ಧವಾದ ಲೆಕ್ಕ ನೋಡಬೇಕೆಂದರೆ ಆನವಟ್ಟಿಯ ಕಡೆಯೋ ಸೊರಬದ ಸುತ್ತಲೋ ಶುಂಠಿ ಹಾಕಿದ ಜಮೀನಿಗೆ ಹೋಗಬೇಕು. ಏರಿಸಿದ ಮಡಿಗಳು, ನಡುವೆ ಆಳವಾದ ಬಸಿಗಾಲುವೆ, ಮೇಲೆ ಹುಲ್ಲಿನ ಹೊದಿಕೆ, ಮೂಲೆಯಲ್ಲಿ ಟಾರ್ಪಾಲಿನ ಗುಡಿಸಲು, ಡ್ರಮ್ಮುಗಳಲ್ಲಿ ಔಷಧ. ಕೇರಳದಿಂದ ಬಂದ ಬೆಳೆಗಾರರು ಎರಡು ಮೂರು ದಶಕಗಳಿಂದ ಇಲ್ಲಿ ಜಮೀನು ಹಿಡಿದು ಶುಂಠಿ ಮಾಡುತ್ತಿದ್ದಾರೆ. ಈಗ ನಮ್ಮ ಹುಡುಗರೂ ಅದನ್ನು ಕಲಿತಿದ್ದಾರೆ. ಎಕರೆಗೆ ಇಷ್ಟು ಎಂದು ಮುಂಗಡ ಎಣಿಸಿ ಕೊಟ್ಟರೆ ಮಾತು ಮುಗಿಯಿತು. ಗಡ್ಡೆ ಕೊಳೆ ರೋಗದ ದೆಸೆಯಿಂದ ಶುಂಠಿ ಕಿತ್ತ ನೆಲಕ್ಕೆ ಮರುವರ್ಷವೇ ಶುಂಠಿ ಹಾಕುವಂತಿಲ್ಲ. ಹಾಗಾಗಿ ಹಿಡಿದವರು ಹೊಸ ಜಮೀನಿಗೆ ಹೋಗುತ್ತಾರೆ, ಒಡೆಯ ಹಣ ಎಣಿಸಿಕೊಂಡು ಹಳೆಯ ಜಮೀನಿಗೆ ಮರಳುತ್ತಾನೆ. ಇಬ್ಬರಿಗೂ ಇನ್ನೊಬ್ಬರ ಮುಖ ಮತ್ತೆ ನೋಡಬೇಕಾದ ಜರೂರಿಲ್ಲ. ಶುಂಠಿಗೆ ನಗದು ಸಾಕು, ನಂಬಿಕೆ ಬೇಕಿಲ್ಲ. ಮಣ್ಣಿಗೆ ಏನಾಯಿತು ಎಂದು ಕೇಳುವವರು ಆ ಲೆಕ್ಕದಲ್ಲಿ ಇಬ್ಬರೂ ಅಲ್ಲ.

ಮತ್ತೆ ತರಕಾರಿಗೆ ಬರೋಣ. ಇದರ ಪಾಲು ಭತ್ತದ ಪಾಲಿನಂಥದಲ್ಲ. ಭತ್ತವನ್ನು ಹಂಚುವುದು ವರ್ಷಕ್ಕೊಮ್ಮೆ, ಕಣದಲ್ಲಿ, ಹಗಲು ಹೊತ್ತಿನಲ್ಲಿ. ರಾಶಿಗೆ ಪೂಜೆ ಆಗಿ, ನಾಲ್ಕು ಜನ ನೋಡುತ್ತಿರುವಾಗ, ಇವರಿಗೊಂದು ಚೀಲ ಅವರಿಗೊಂದು ಚೀಲ. ಮೋಸಕ್ಕೆ ಎಡೆ ಕಡಿಮೆ, ಜಗಳ ಆದರೂ ಅಲ್ಲೇ ಆಗಿ ಅಲ್ಲೇ ತೀರುತ್ತದೆ. ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯಬೇಕು, ಒಂದು ದಿನ ತಪ್ಪಿದರೆ ನಾರು. ಸೌತೆ, ಹೀರೆ, ಹಾಗಲ ಎಲ್ಲಕ್ಕೂ ಹೆಚ್ಚು ಕಡಿಮೆ ಇದೇ ಗತಿ. ಅಂದರೆ ಒಂದು ಬೆಳೆಯಲ್ಲಿ ಹತ್ತಾರು ಸಲ ಕೊಯ್ಲು, ಹತ್ತಾರು ಸಲ ಮಾರಾಟ. ಪ್ರತಿ ಸಲವೂ ದರ ಬೇರೆ. ಕೊಯ್ಯುವಾಗ ಒಬ್ಬರೇ ಇರುತ್ತಾರೆ, ಮಂಡಿಯಲ್ಲಿ ಲಿಲಾವು ಕೂಗುವಾಗ ಒಬ್ಬರೇ ಇರುತ್ತಾರೆ. ಬೆಳಗಿನ ಜಾವ ಶಿವಮೊಗ್ಗದ ಮಾರುಕಟ್ಟೆಯಲ್ಲಿ ಹೀರೆಕಾಯಿ ಕೆಜಿಗೆ ಎಷ್ಟಕ್ಕೆ ಹೋಯಿತು ಎಂಬುದಕ್ಕೆ ಊರಲ್ಲಿ ಮಲಗಿದ್ದವರಿಗೆ ಸಾಕ್ಷಿ ಏನು?

ಹಿಂದೆ ಸಾಕ್ಷಿ ಎಂದರೆ ಪಟ್ಟಿ. ಮಂಡಿಯವರು ತೂಕ, ದರ, ಹಮಾಲಿ, ಬಾಡಿಗೆ, ಕಡಿತ ಎಲ್ಲ ಬರೆದುಕೊಡುವ ತೆಳ್ಳನೆಯ ಚೀಟಿ. ಅದು ಅಂಗಿಯ ಜೇಬಿನಲ್ಲಿ ಮಡಚಿ, ಬೆವರಿಗೆ ಒದ್ದೆಯಾಗಿ, ಸಂಜೆ ಕಟ್ಟೆಯ ಮೇಲೆ ಬಿಚ್ಚಿಕೊಳ್ಳುವ ಹೊತ್ತಿಗೆ ಏಳು ಯಾವುದು ಒಂದು ಯಾವುದು ತಿಳಿಯುತ್ತಿರಲಿಲ್ಲ. ಈಗ ಪಟ್ಟಿ ಕೈಗೆ ಬಂದ ಕೂಡಲೇ ಅದರ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಊರಿಗೆ ಬಂದಿರುತ್ತದೆ. ಹಣ ಫೋನ್‌ಪೇಯಲ್ಲಿ ಬಂದರೆ ಅರ್ಧ ಅಲ್ಲಿಂದಲೇ ತಿರುಗಿಸಿ ಕಳಿಸುವವರಿದ್ದಾರೆ. ಮೊಬೈಲು ನಂಬಿಕೆಯನ್ನು ಹುಟ್ಟಿಸಿತು ಎಂದು ನಾನು ಹೇಳುವುದಿಲ್ಲ. ಫೋಟೊ ಕೇಳಿಸಿಕೊಂಡು ಕಳಿಸುವುದಕ್ಕೂ ಕೇಳುವ ಮೊದಲೇ ಕಳಿಸುವುದಕ್ಕೂ ಅಂತರ ಇದೆ. ಆ ಅಂತರದಲ್ಲೇ ಎಲ್ಲವೂ ಇದೆ ಎಂದು ಊರಿನವರಿಗೆ ಗೊತ್ತು. ದರ ಬಿದ್ದ ದಿನದ ಪಟ್ಟಿಯನ್ನು ಮೊದಲು ಕಳಿಸುವವನು ಒಳ್ಳೆಯ ಪಾಲುದಾರ. ಏರಿದ ದಿನದ್ದನ್ನು ಯಾರಾದರೂ ಕಳಿಸುತ್ತಾರೆ, ಅದರಲ್ಲೇನಿದೆ!

ಖರ್ಚಿನ ಕಡೆ ಇನ್ನೂ ಸೂಕ್ಷ್ಮ. ಬೀಜ, ಹಿಂಡಿ, ಟ್ರ್ಯಾಕ್ಟರ್ ಬಾಡಿಗೆ ಅರ್ಧರ್ಧ ಎಂದು ಮಾತಾಗಿರುತ್ತದೆ. ಆದರೆ ಸಗಣಿಗೆ ಬೆಲೆ ಎಷ್ಟು? ಗಂಜಲಕ್ಕೆ? ಇನ್ನೂರು ಲೀಟರ್ ನೀರಿಗೆ ಹತ್ತು ಕೆಜಿ ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಎರಡು ಕೆಜಿ ಬೆಲ್ಲ, ಎರಡು ಕೆಜಿ ದ್ವಿದಳ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಸುಭಾಷ್ ಪಾಳೇಕರರ ಜೀವಾಮೃತದ ಈ ಲೆಕ್ಕ ನಾಡಿನ ರೈತರಿಗೆಲ್ಲ ಬಾಯಿಪಾಠ. ಅಂಗಡಿಯಿಂದ ತರುವುದು ಬೆಲ್ಲ, ಹಿಟ್ಟು ಮಾತ್ರ, ಅದಕ್ಕೆ ಚೀಟಿ ಇರುತ್ತದೆ. ಸಗಣಿ ಹಿರಿಯರ ಕೊಟ್ಟಿಗೆಯದು, ಡ್ರಮ್ಮನ್ನು ಬೆಳಗ್ಗೆ ಸಂಜೆ ಕೋಲಿನಿಂದ ತಿರುವುವುದು ಇವನ ಹೆಂಡತಿ. ಎರಡಕ್ಕೂ ಚೀಟಿ ಇಲ್ಲ. ವಿಷದ ಕೃಷಿಯಲ್ಲಿ ಖರ್ಚೆಲ್ಲ ಅಂಗಡಿಯದು, ಆದ್ದರಿಂದ ಬರೆಯಬಹುದು. ವಿಷವಿಲ್ಲದ ಕೃಷಿಯಲ್ಲಿ ಖರ್ಚಿನ ಬಹುಪಾಲು ಮನೆಯದು, ಬರೆಯಲಾಗದ್ದು. ಪಾಲಿನ ಸಾವಯವ ಬೇಸಾಯ ಕಷ್ಟವಾಗುವುದು ರೋಗದಿಂದ ಕೀಟದಿಂದ ಎಂದು ಭಾಷಣಗಳಲ್ಲಿ ಹೇಳುತ್ತಾರೆ. ನಾನು ಕಂಡಂತೆ ಅರ್ಧ ಕಷ್ಟ ಈ ಬರೆಯಲಾಗದ ಖರ್ಚಿನದು.

ಅದನ್ನು ಊರು ತನ್ನದೇ ರೀತಿಯಲ್ಲಿ ಸರಿದೂಗಿಸಿಕೊಳ್ಳುತ್ತದೆ. ಹಿರಿಯರ ಮನೆಗೆ ದಿನದ ಅಡಿಗೆಗೆ ಬೇಕಾದ ಕಾಯಿ ಲೆಕ್ಕಕ್ಕೆ ಬರುವುದಿಲ್ಲ. ಇವನ ಮನೆಗೂ ಬರುವುದಿಲ್ಲ. ಬಲಿತ ಬೆಂಡೆ, ಡೊಂಕು ಹೀರೆ, ಹುಳ ತೂತು ಮಾಡಿದ ಬದನೆ ಕೊಯ್ದ ಹೆಂಗಸರ ಮಡಿಲಿಗೆ. ಮದುವೆ, ತಿಥಿ, ಜಾತ್ರೆ ಬಂದರೆ ಒಂದು ಬುಟ್ಟಿ ಹೆಚ್ಚು ಹೋಗುತ್ತದೆ, ಆದರೆ ಹೇಳಿ ಹೋಗಬೇಕು. "ಅಕ್ಕಾ, ನಾಳೆ ಬೀಗರು ಬರ್ತಾರೆ, ನಾಲ್ಕು ಹಾಗಲಕಾಯಿ ಕಿತ್ಕೊಂಡೆ" ಎಂದು ಹಿತ್ತಲ ಬಾಗಿಲಲ್ಲಿ ಕೂಗಿ ಹೇಳಿದರೆ ನಾಲ್ಕು ಹತ್ತಾಗಿದ್ದರೂ ಯಾರೂ ಎಣಿಸುವುದಿಲ್ಲ. ಹೇಳದೆ ಕಿತ್ತ ಎರಡು ಕಾಯಿ ಮಾತ್ರ ವರ್ಷಗಟ್ಟಲೆ ನೆನಪಿರುತ್ತದೆ. ಒಂದು ಗದ್ದೆಯಲ್ಲಂತೂ ಇಬ್ಬರು ಬೇರೆಯಾದದ್ದು ಒಂದು ಕುಂಬಳಕಾಯಿಗೆ. ಹಾಗೆಂದು ಊರು ಹೇಳುತ್ತದೆ. ಬರೀ ಕುಂಬಳಕಾಯಿಗೆ ಯಾರೂ ಬೇರೆಯಾಗುವುದಿಲ್ಲ ಎಂಬುದೂ ಊರಿಗೆ ಗೊತ್ತು.

ತೋಟದ ನಡುವೆ ನಿಂತು ನೋಡಿದರೆ ಇದ್ಯಾವುದೂ ಕಾಣುವುದಿಲ್ಲ. ಕಾಣುವುದು ಬಿದಿರಿನ ಚಪ್ಪರ, ಅದರ ಕೆಳಗೆ ಹಸಿರು ನೆರಳು, ತಲೆಗೆ ತಾಗುವಂತೆ ಇಳಿಬಿದ್ದ ಹೀರೆ. ಹಳದಿ ಹೂವಿನ ಮೇಲೆ ತುಡುವೆ ಜೇನು. ಕಂಬಕ್ಕೆ ಕಟ್ಟಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಹಣ್ಣುನೊಣಕ್ಕೆ ಒಡ್ಡಿದ ಮೋಹಕ ಬಲೆ, ತಳದಲ್ಲಿ ಒಣಗಿದ ನೊಣಗಳ ರಾಶಿ. ಬದುವಿನ ಉದ್ದಕ್ಕೂ ಚೆಂಡುಹೂ, ಅಂಚಿಗೆ ಎರಡು ಸಾಲು ಮೆಕ್ಕೆಜೋಳ. ಸಾಲುಗಳ ನಡುವೆ ಕಾನಿನಂಚಿನಿಂದ ತಂದು ಹಾಸಿದ ದರಕು. ಮಳೆಗಾಲದಲ್ಲಿ ಅದರ ಮೇಲೆ ಕಾಲಿಟ್ಟರೆ ಪಾದ ಒಂದಿಷ್ಟು ಒಳಗೆ ಹೋಗಿ, ಕೆಳಗಿನಿಂದ ಬಿಸುಪು ತಾಗುತ್ತದೆ.

ಕಾನಿನ ಮಾತು ಬಂತು. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು 1868ರಲ್ಲಿ ಸೊರಬದ ಕಾನುಗಳ ಬಗ್ಗೆಯೇ ಒಂದು ವರದಿ ಬರೆದರು. ಈ ಒಂದು ತಾಲ್ಲೂಕಿನಲ್ಲೇ 171 ಕಾನುಗಳನ್ನು ಅವರು ಲೆಕ್ಕ ಹಾಕಿದ್ದರು. ದೇವರ ಹೆಸರಿನಲ್ಲಿ, ನೀರಿನ ನೆಪದಲ್ಲಿ, ಮೆಣಸಿನ ಆಸೆಯಲ್ಲಿ ಊರವರು ಕೂಡಿ ಕಾಪಾಡಿಕೊಂಡು ಬಂದ ಕಾಡು. ಕಾನು ತೆಳ್ಳಗಾದ ಕಡೆ ಕೆಳಗಿನ ಕೆರೆ ಬೇಗ ಬತ್ತುತ್ತದೆ, ಬತ್ತಿದರೆ ಬೇಸಿಗೆ ಸೌತೆ ಇಲ್ಲ. ಈಗ ತುಂಗಭದ್ರೆಯಿಂದ ನೀರೆತ್ತಿ ಕೆರೆ ತುಂಬಿಸುವ ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿ ಬಂದಿದೆ, ವರದೆಯ ದಡದಲ್ಲಿ ಮೂಡಿ ಯೋಜನೆ ಇದೆ. ಕೆರೆಗೆ ನೀರು ಬಂದಲ್ಲಿ ಮೊದಲು ಏರುವುದು ಅಡಿಕೆ ಸಸಿ. ಅಡಿಕೆ ಒಮ್ಮೆ ನೆಟ್ಟ ಜಮೀನು ಪಾಲಿಗೆ ಸಿಗುವುದಿಲ್ಲ. ತರಕಾರಿಯವನು ಇನ್ನೊಂದು ಗದ್ದೆ ಹುಡುಕಬೇಕು.

ಸಂಜೆಯಾದರೆ ತೋಟದ ಬಣ್ಣವೇ ಬೇರೆ. ಹಗಲು ಮಂಗಗಳ ಕಾಟ, ಬೆಳಗ್ಗೆ ನವಿಲು, ರಾತ್ರಿ ಹಂದಿ. ಗದ್ದೆಯ ಮೂಲೆಯಲ್ಲಿ ನಾಲ್ಕು ಕಂಬದ ಮೇಲೆ ಹುಲ್ಲು ಹೊದಿಸಿದ ಕಾವಲು ಮಾಳ. ಒಂದು ದಿನ ಇವನು, ಒಂದು ದಿನ ಹಿರಿಯರ ಮನೆಯ ಕಡೆಯಿಂದ ಯಾರಾದರೂ. ಪಾಲಿನ ಮಾತುಕತೆಯಲ್ಲಿ ಎಲ್ಲರೂ ಮರೆಯುವ ಬಾಬು ಇದೇ. ಆದರೆ ಹಂದಿ ಮರೆಯುವುದಿಲ್ಲ. ರಾತ್ರಿ ಎರಡು ಗಂಟೆಗೆ ಟಾರ್ಚು ಬಿಟ್ಟು "ಹೋ" ಎಂದು ಕೂಗಿದಾಗ ಆಚೆ ದಿಬ್ಬದ ಮಾಳದಿಂದ ಇನ್ನೊಂದು "ಹೋ" ಬರಬೇಕು. ಬರದಿದ್ದರೆ ಮರುದಿನ ಬೆಳಗ್ಗೆ ಕೇಳುವ ಮಾತು ಒಂದೇ: "ನಿನ್ನೆ ಬಂದಿರ್ಲಿಲ್ವನಾ?" ಆ ಪ್ರಶ್ನೆಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಕಷ್ಟ. ಮಣ್ಣಿನ ಮೇಲೆ ಹಂದಿಯ ಹೆಜ್ಜೆ ಇರುತ್ತದೆ, ಮಾಳದ ಒಲೆಯಲ್ಲಿ ಬೂದಿ ತಣ್ಣಗಿರುತ್ತದೆ.

ರಾತ್ರಿಯ ಇನ್ನೊಂದು ಭಯವೂ ಇದೆ. ಬದನೆಗೆ ಕಾಯಿಕೊರಕ ಬಿದ್ದು, ದರ ಏರಿರುವ ವಾರವೇ ಅರ್ಧ ಕಾಯಿ ತೂತಾದರೆ, ಬೇವಿನೆಣ್ಣೆಯ ಮೇಲಿನ ಭಕ್ತಿ ಅಲ್ಲಾಡುತ್ತದೆ. ಕತ್ತಲಲ್ಲಿ ಒಂದು ಕ್ಯಾನು ವಿಷ ಹೊಡೆದರೆ ಯಾರಿಗೆ ಗೊತ್ತು? ವಾಸನೆ ಬೆಳಗಿನವರೆಗೆ ಇರುತ್ತದೆ, ಖಾಲಿ ಬಾಟಲಿ ಬೇಲಿಯಲ್ಲಿ ಸಿಗುತ್ತದೆ, ಸುಮ್ಮನಿರದ ಅಂಗಡಿಯವನೂ ಇರುತ್ತಾನೆ. ಆದರೂ ಪಟ್ಟಣದ ಗಿರಾಕಿಗೆ ಇದು ತಿಳಿಯುವುದಿಲ್ಲ. ಅದಕ್ಕೇ ಪಿಜಿಎಸ್, ಅಂದರೆ ರೈತರೇ ಪಾಲ್ಗೊಂಡು ಖಾತರಿ ಕೊಡುವ ಏರ್ಪಾಡು ಬಂತು. ದೊಡ್ಡ ದುಡ್ಡು ತೆತ್ತು ಹೊರಗಿನ ಕಂಪನಿಯಿಂದ ಪ್ರಮಾಣಪತ್ರ ತರುವ ಬದಲು ಕನಿಷ್ಠ ಐದು ಜನ ರೈತರು ಒಂದು ಗುಂಪಾಗಿ, ಪ್ರತಿಜ್ಞೆ ಬರೆದುಕೊಟ್ಟು, ಒಬ್ಬರ ಹೊಲವನ್ನು ಇನ್ನೊಬ್ಬರು ಹೋಗಿ ನೋಡಿ ಸಹಿ ಹಾಕುವುದು. ಮಣ್ಣು ಬದಲಾಗುವ ಅವಧಿಯಲ್ಲಿ ಪಿಜಿಎಸ್ ಗ್ರೀನ್ ಗುರುತು, ಆಮೇಲೆ ಪಿಜಿಎಸ್ ಆರ್ಗ್ಯಾನಿಕ್. ಈ ವಿಚಾರಕ್ಕೆ ಹೆಸರು ಬಿದ್ದದ್ದು 2004ರಲ್ಲಿ ಬ್ರೆಜಿಲ್‌ನ ಟೋರೆಸ್ ಎಂಬ ಊರಿನ ಸಭೆಯಲ್ಲಿ. ನಮ್ಮಲ್ಲಿ 2015ರ ಹೊತ್ತಿಗೆ ಪರಂಪರಾಗತ ಕೃಷಿ ವಿಕಾಸ ಯೋಜನೆಯ ಜೊತೆ ಅದು ಹಳ್ಳಿಗಳಿಗೆ ಇಳಿಯಿತು. ಕರ್ನಾಟಕ ಸಾವಯವ ಕೃಷಿ ನೀತಿಯನ್ನು ಅದಕ್ಕೂ ಮೊದಲೇ, 2004ರಲ್ಲೇ, ಪ್ರಕಟಿಸಿತ್ತು.

ಕಾಗದದ ಮೇಲೆ ಚೆಂದ. ಹೊಲದಲ್ಲಿ ನಡೆಯುವುದನ್ನು ನೋಡಬೇಕು. ಐದು ಜನ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆಯುತ್ತಾರೆ. ಕೈಯಲ್ಲಿ ನಮೂನೆ, ಕಿವಿಯ ಸಂದಿಯಲ್ಲಿ ಪೆನ್ನು. ಪಕ್ಕದವನ ರಾಸಾಯನಿಕ ನಮ್ಮ ಗದ್ದೆಗೆ ಹರಿಯದಂತೆ ತಡೆ ಇದೆಯೇ, ಬೀಜ ಎಲ್ಲಿಯದು, ಪಂಪು ಯಾರದು. ಪಂಪಿನ ಪ್ರಶ್ನೆಗೆ ಎಲ್ಲರೂ ಒಂದು ಗಳಿಗೆ ಮೌನ, ಯಾಕೆಂದರೆ ಮೆಕ್ಕೆಜೋಳಕ್ಕೆ ಕಳೆನಾಶಕ ಹೊಡೆಯುವ ಪಂಪು ಇಡೀ ಕೇರಿಗೆ ಒಂದೇ. ನೆಂಟರ ಗದ್ದೆಯ ಮೇಲೆ ತಪ್ಪು ಬರೆಯಲು ಯಾರಿಗೂ ಕೈ ಬರುವುದಿಲ್ಲ. ಆದರೆ ಒಬ್ಬ ತಪ್ಪಿದರೆ ಐದೂ ಜನರ ಹೆಸರು ಕೆಡುತ್ತದೆ ಎಂಬುದೂ ಅಷ್ಟೇ ನಿಜ. ಅದಕ್ಕೆ ಇಲ್ಲಿಯ ಜಾಣತನ ಎಂದರೆ ಬರೆಯುವ ಮೊದಲೇ ಹೇಳಿಬಿಡುವುದು: "ಮಾವ, ಆ ಪಂಪು ಬ್ಯಾಡ. ನಮ್ಮನೇದು ತಗಂಡು ಹೋಗು." ನಮೂನೆಯಲ್ಲಿ ಆಮೇಲೆ ಎಲ್ಲ ಸರಿಯಿದೆ ಎಂದೇ ಇರುತ್ತದೆ. ದಾಖಲೆ ನೋಡುವ ಅಧಿಕಾರಿಗೆ ಇದು ಮುಚ್ಚಿಟ್ಟ ಹಾಗೆ ಕಾಣಬಹುದು. ನನಗೆ ಅದು ಆ ಪದ್ಧತಿ ಕೆಲಸ ಮಾಡಿದ ಗುರುತಾಗಿ ಕಾಣುತ್ತದೆ.

ಆದರೆ ಪಾಲಿಗೆ ಮಾಡುವವನ ಹೆಸರಿನಲ್ಲಿ ಪಹಣಿಯೇ ಇಲ್ಲದಿರುವಾಗ ಆ ಗುಂಪಿನಲ್ಲಿ ಅವನ ಜಾಗ ಯಾವುದು? ಸಾಲ, ವಿಮೆ, ಸಹಾಯಧನ, ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನ ನೋಂದಣಿ ಎಲ್ಲವೂ ಪಹಣಿಯ ಬೆನ್ನಿಗೆ. ಜಮೀನಿಲ್ಲದವರು ನಾಲ್ಕರಿಂದ ಹತ್ತು ಜನ ಕೂಡಿ, ಒಬ್ಬರಿಗೊಬ್ಬರು ಹೊಣೆಯಾಗಿ ಸಾಲ ಪಡೆಯಲು ನಬಾರ್ಡ್‌ನ ಜಂಟಿ ಬಾಧ್ಯತಾ ಗುಂಪು ಇದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ತಂಡಗಳಲ್ಲಿ ಸಣ್ಣ ರೈತರು ಸರದಿಯಂತೆ ಒಬ್ಬರ ಜಮೀನಿನಲ್ಲಿ ಎಲ್ಲರೂ ದುಡಿಯುತ್ತಾರೆ. ಮಲೆನಾಡಿನವರಿಗೆ ಇದು ಹೊಸದೇನಲ್ಲ, ಮುಯ್ಯಾಳಿನ ಲೆಕ್ಕವನ್ನೇ ಪುಸ್ತಕಕ್ಕೆ ಏರಿಸಿದಂತೆ.

ದೊಡ್ಡ ಪರೀಕ್ಷೆ ಬರುವುದು ಅತಿವೃಷ್ಟಿಯ ವರ್ಷ. ವರದೆಯೋ ದಂಡಾವತಿಯೋ ತುಂಬಿ ಗದ್ದೆ ಬಯಲು ಮೂರು ದಿನ ಕೆಂಪು ನೀರಿನ ಕೆಳಗೆ ಇದ್ದು, ಚಪ್ಪರ ಮಗುಚಿ, ಬಳ್ಳಿ ಕೊಳೆತು, ಪಾಲಿನವನ ಆರು ತಿಂಗಳು ತೊಳೆದುಹೋಗಿರುತ್ತದೆ. ಗ್ರಾಮ ಆಡಳಿತಾಧಿಕಾರಿ ಬಂದು ಬರೆದುಕೊಂಡು ಹೋಗುತ್ತಾರೆ. ಕೆಲವು ತಿಂಗಳ ಮೇಲೆ ಪರಿಹಾರ ಬರುತ್ತದೆ, ಪಹಣಿಯಲ್ಲಿ ಹೆಸರಿರುವವರ ಖಾತೆಗೆ. ಪಾಸ್‌ಬುಕ್ಕಿನಲ್ಲಿ ಅದು ಬಂದದ್ದು ಇನ್ನೊಬ್ಬನಿಗೆ ತಿಳಿಯಲೇಬೇಕೆಂದೇನಿಲ್ಲ. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ, "ನಮ್ಮ ಜಮೀನಿನ ದುಡ್ಡಪ್ಪ, ಅವರಿಗ್ಯಾಕೆ ಹೇಳ್ಬೇಕು" ಎನ್ನುತ್ತಾನೆ. ಅವನು ಕೆಟ್ಟವನಲ್ಲ, ಬದುವಿನ ಮೇಲೆ ನಿಂತವನಲ್ಲ ಅಷ್ಟೆ. ಅವತ್ತು ಸಂಜೆ ಹಿರಿಯರು ಚಪ್ಪಲಿ ಮೆಟ್ಟಿ ಪಾಲಿನವನ ಮನೆಯ ಕಡೆ ಹೋಗುತ್ತಾರೋ ಇಲ್ಲವೋ ಎಂಬುದರ ಮೇಲೆ ಮುಂದಿನ ವರ್ಷದ ಮಣ್ಣು ನಿಂತಿದೆ. ಹೋದವರೂ ಇದ್ದಾರೆ, ಹೋಗದವರೂ ಇದ್ದಾರೆ. ಹೋಗದವರ ಗದ್ದೆಯಲ್ಲಿ ಮರುವರ್ಷ ಶುಂಠಿ ಕಂಡರೆ ಅಚ್ಚರಿಪಡಬೇಕಾಗಿಲ್ಲ.

ಈ ಹಿರಿಯರನ್ನು ಆ ಸಂಜೆ ಎಬ್ಬಿಸುವುದು ಎಷ್ಟೋ ಸಲ ಮನೆಯ ಹೆಂಗಸರು. ಎರಡೂ ಮನೆಯ ನಂಟನ್ನು ನಿಜವಾಗಿ ಹಿಡಿದಿರುವವರು ಅವರೇ. ಬೀಜ ಇರುವುದು ಅವರ ಬಳಿ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ತಾಗುವಂತೆ ನೇತುಹಾಕಿದ ಹೀರೆ, ಬೂದಿ ಬೆರೆಸಿ ಕಟ್ಟಿದ ಬೆಂಡೆ ಬೀಜ. ಆಶ್ವಯುಜದ ಭೂಮಿ ಹುಣ್ಣಿಮೆಗೆ ಸೊರಬ, ಸಾಗರದ ದೀವರ ಸಮುದಾಯದ ಮನೆಗಳಲ್ಲಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಚಿತ್ತಾರ ಎಳೆಯುತ್ತಾರೆ. ಅದು ಭೂಮಣ್ಣಿ ಬುಟ್ಟಿ. ರಾತ್ರಿಯೆಲ್ಲ ಅಡಿಗೆ. ಸೌತೆಕಾಯಿ ಕಡುಬು, ಕುಂಬಳಕಾಯಿ, ಬೇಲಿಯ ಮೇಲಿನದು, ಗುಡ್ಡದ ಮೇಲಿನದು ಎಂದು ಹುಡುಕಿ ತಂದ ನೂರೊಂದು ಬಗೆಯ ಕುಡಿ. ಗದ್ದೆಗೆ ಬೀರುವ ಅಂಬಲಿಗೆ ಅವೆಲ್ಲ ಬೀಳಬೇಕು. ಭತ್ತ ಬಸಿರಾದ ಹೊತ್ತಿನಲ್ಲಿ ಭೂಮಿಗೆ ಬಯಕೆಯೂಟ. ಶಿಕಾರಿಪುರದ ಕಡೆ ಅದು ಸೀಗೆ ಹುಣ್ಣಿಮೆ, ಅಲ್ಲಿ ಚರಗ ಚೆಲ್ಲುತ್ತಾರೆ. ಪಾಲಿಗೆ ಕೊಟ್ಟ ಗದ್ದೆಯಲ್ಲಿ ಆವತ್ತು ಬುಟ್ಟಿ ಯಾರ ಮನೆಯಿಂದ ಬರಬೇಕು? ಕಾನೂನಿನಲ್ಲಿ ಇದಕ್ಕೆ ಉತ್ತರ ಇಲ್ಲ. ಎರಡೂ ಮನೆಯಿಂದ ಬಂದು, ಮಕ್ಕಳು ಒಂದೇ ಬದುವಿನ ಮೇಲೆ ಕೂತು ಕಡುಬು ತಿಂದ ಗದ್ದೆಗಳಲ್ಲಿ ಮುಂದಿನ ಯುಗಾದಿಯ ಮಾತು ಹಗುರಾಗಿರುತ್ತದೆ.

ಅದೂ ಮಾತೆಂದರೆ ಎಂಥ ಮಾತು! ಫಾಲ್ಗುಣ ಮುಗಿಯುತ್ತ ಬಂದಿದೆ, ಗದ್ದೆಯಲ್ಲಿ ಕೊನೆಯ ಸೌತೆ ಬಳ್ಳಿ ಒಣಗಿದೆ, ಕೆರೆಯ ನೀರು ತೂಬಿನ ಬುಡಕ್ಕೆ ಇಳಿದಿದೆ. ಲೆಕ್ಕ ನೋಡಲು ಇಬ್ಬರೂ ಜಗಲಿಯ ಮೇಲೆ ಕೂತಿದ್ದಾರೆ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕೂಡಿ ಕಳೆದು, ನೂರಾರು ರೂಪಾಯಿ ಅತ್ತಿತ್ತ ಆದದ್ದನ್ನು "ಇರ್ಲಿ ಬಿಡು" ಎಂದು ಒರೆಸಿ, ಎಲೆ ಅಡಿಕೆಯ ತಟ್ಟೆ ಮಧ್ಯಕ್ಕೆ ಬಂದಿದೆ. ಹಿರಿಯರು ಸುಣ್ಣ ಹಚ್ಚುತ್ತ ಕೇಳುತ್ತಾರೆ.

"ಮುಂದಿನ ವರ್ಷದ್ದು ಹೆಂಗೋ?"

"ನೀವು ಹೆಂಗ್ ಹೇಳ್ತೀರೋ ಹಂಗೆ ಅಣ್ಣ."

"ಹುಡುಗ ಶುಂಠಿಯವರಿಗೆ ಕೊಡು ಅಂತಾನೆ. ಎಕರೆಗೆ ಚೆನ್ನಾಗಿ ಕೊಡ್ತಾರಂತೆ."

ಇವನು ಎಲೆಯ ನಾರು ಬಿಡಿಸುತ್ತಾನೆ.

"ಕೊಟ್ರೆ ಕೊಡ್ರಣ್ಣ, ನಿಮ್ಮ ಜಮೀನು. ಆದ್ರೆ ಸೋಮವಾರವೇ ಆರು ಗಾಡಿ ಗೊಬ್ಬರ ಹೊಡೆದ್‌ಬಿಟ್ಟಿದೀನಿ, ಮೇಲ್ಗಡೆ ಗದ್ದೆಗೆ. ನೀವು ನೋಡ್ಲಿಲ್ವಾ?"

ಹಿರಿಯರು ಅಡಿಕೆ ಬಾಯಿಗೆ ಹಾಕಿಕೊಂಡು, ನೋಟ್‌ಬುಕ್ಕಿನಲ್ಲಿ ಹೊಸ ಪುಟ ತಿರುವಿ, ಪೆನ್ನು ಎಲ್ಲಿಟ್ಟೆ ಎಂದು ಒಳಗಿನವರನ್ನು ಕೂಗಿ ಕೇಳುತ್ತಾರೆ. ಆರು ಗಾಡಿ ಗೊಬ್ಬರದ ಅರ್ಧ ಖರ್ಚು ಅವರ ಕಡೆ ಬರೆಯಬೇಕಲ್ಲ.